‘ಬುದ್ಧಿ ಬರೋ ಪುಸ್ತಕ’

ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾರಕೂನಿಕೆ ಮಾಡಿದವನಿಗೆ ‘ಶಿಫಾರಸು’ ಎಂಬ ಶಬ್ದ ಕಂಡರೆ ಒಂದು ಬಗೆಯ ಅಂಜಿಕೆ. ಫೈಲಿನ ಮೇಲೆ ಶಿಫಾರಸು ಬರೆಯುವ ಮೊದಲು, ನಾಳೆ ಯಾರಾದರೂ ‘ಯಾವ ಆಧಾರದ ಮೇಲೆ ಬರೆದಿರಿ?’ ಎಂದು ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿರಬೇಕು. ಪುಸ್ತಕಗಳ ಶಿಫಾರಸಿಗೆ ಮಾತ್ರ ಈ ಅಂಜಿಕೆ ಯಾರಿಗೂ ಇದ್ದಂತಿಲ್ಲ. ‘ಯುವಜನರು ಓದಲೇಬೇಕಾದ ಇಪ್ಪತ್ತೈದು ಪುಸ್ತಕಗಳು’ ಎಂಬ ಪಟ್ಟಿ ಎಲ್ಲೆಲ್ಲೂ ಸಿಗುತ್ತದೆ. ಪಟ್ಟಿ ಮಾಡಿದವರು ಆ ಇಪ್ಪತ್ತೈದನ್ನೂ ಓದಿದ್ದಾರೆಯೇ, ಓದಿದ ಯುವಕ ಯಾರು, ಓದಿ ಅವನಿಗೇನಾಯಿತು ಎಂದು ಕೇಳುವವರಿಲ್ಲ.

ನಾನು ಬರೆಯಹೊರಟಿರುವುದೂ ಒಂದು ಶಿಫಾರಸೇ. ಆದರೆ ಇದಕ್ಕೆ ಆಧಾರವಿದೆ. ಕಳೆದೊಂದು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬ ಹುಡುಗನ ಎದುರು ಕುಳಿತು ಗಟ್ಟಿಯಾಗಿ ಓದಿದ ಪುಸ್ತಕಗಳು ಇವು. ಬಿ.ಎಸ್‌ಸಿ. ಓದಿದವನಿಗೆ ಸಾಹಿತ್ಯದ ಗೊಡವೆ ಯಾಕೆ ಎಂದು ಕೇಳುವ ಮಿತ್ರರು ನಮ್ಮ ಸಂಘದಲ್ಲಿದ್ದಾರೆ. ಅವರು ಈ ಪುಟವನ್ನು ಒಂದು ಪ್ರಯೋಗದ ವರದಿಯೆಂದು ಓದಿಕೊಳ್ಳಬಹುದು.

ಹುಡುಗನ ಹೆಸರನ್ನಾಗಲಿ ಓಣಿಯನ್ನಾಗಲಿ ಬರೆಯುವುದಿಲ್ಲ. 2015ರ ಬಾಲ ನ್ಯಾಯ ಕಾಯಿದೆಯೇ ಅದನ್ನು ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ವಿಜಾಪುರದ ಕಡೆಯ ಕುಟುಂಬ. ತಂದೆ ಗಾರೆ ಕೆಲಸ ಮಾಡುತ್ತಿದ್ದವರು, ಈಗ ಇಲ್ಲ. ತಾಯಿ ನಮ್ಮಂಥ ನಾಲ್ಕಾರು ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಹುಡುಗ ಹದಿನಾರನೆಯ ವಯಸ್ಸಿನಲ್ಲಿ, ಇನ್ನಿಬ್ಬರು ಗೆಳೆಯರ ಜೊತೆಗೆ, ತಮ್ಮದಲ್ಲದ ಒಂದು ಮೋಟರ್ ಸೈಕಲ್ಲಿನೊಂದಿಗೆ ಸಿಕ್ಕಿಬಿದ್ದ. ಮೂವರಲ್ಲಿ ಯಾರ ಪಾಲು ಎಷ್ಟು ಎಂಬುದು ಬಾಲ ನ್ಯಾಯ ಮಂಡಳಿಯ ಮುಂದಿದೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಐದು ವಾರ ವೀಕ್ಷಣಾಲಯದಲ್ಲಿದ್ದು ಜಾಮೀನಿನ ಮೇಲೆ ತಾಯಿಯ ಬಳಿ ಬಂದ. ಆ ಐದು ವಾರ ಆಕೆ ಎಲ್ಲರಿಗೂ ‘ಊರಿಗೆ ಹೋಗ್ಯಾನ’ ಎಂದೇ ಹೇಳಿದಳು. ಎಲ್ಲರಿಗೂ ನಿಜ ಗೊತ್ತಿತ್ತು, ಎಲ್ಲರೂ ‘ಹೌದಾ’ ಎಂದರು. ಆ ಸಲದ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಡೊಳ್ಳು ಬಾರಿಸುವ ಹುಡುಗರ ಪಟ್ಟಿಯಿಂದ ಒಂದು ಹೆಸರು ಸದ್ದಿಲ್ಲದೆ ಬಿಟ್ಟುಹೋಯಿತು.

ಕಾಯಿದೆ ಇಂಥ ಹುಡುಗನನ್ನು ‘ಆರೋಪಿ’ ಎನ್ನುವುದಿಲ್ಲ, ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಹದಿನೆಂಟು ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು ಎನ್ನುತ್ತದೆ. ನಾವು ಕಾರಕೂನರು ಉದ್ದುದ್ದ ಶಬ್ದಗಳನ್ನು ಕಂಡು ನಗುವವರು, ಆದರೆ ಈ ಉದ್ದದ ಹಿಂದೆ ಒಂದು ಕರುಣೆಯಿದೆ ಎಂದು ನನಗೆ ಅನಿಸುತ್ತದೆ. ಓಣಿಯ ಜನರ ಬಳಿ ಅಷ್ಟುದ್ದದ ಶಬ್ದವಿಲ್ಲ. ಅವರದು ಎರಡಕ್ಷರದ ಶಬ್ದ.

ಹುಡುಗ ಬಂದ ಎರಡನೆಯ ವಾರ ಆಕೆ ರೊಟ್ಟಿಯ ಬುಟ್ಟಿ ಇಳಿಸಿ ಹೇಳಿದಳು: “ಅಣ್ಣಾರ, ಪುಸ್ತಕಾ ಓದತೀರಲ್ಲ ನೀವು. ನಮ್ಮ ಹುಡುಗಗ ಏನರೆ ಬುದ್ಧಿ ಬರೋ ಪುಸ್ತಕ ಇದ್ರ ಕೊಡ್ರಿ. ಹಗಲೆಲ್ಲಾ ಗ್ವಾಡಿ ನೋಡ್ಕೋತ ಕುಂದರತಾನ.”

ಬುದ್ಧಿ ಬರುವ ಪುಸ್ತಕಗಳಿಗೇನೂ ಬರಗಾಲವಿರಲಿಲ್ಲ. ಆಗಲೇ ನಮ್ಮ ಹಿರಿಯರೊಬ್ಬರು ಯಶಸ್ಸಿನ ಮೆಟ್ಟಿಲುಗಳನ್ನು ಎಣಿಸಿ ಹೇಳುವ ಒಂದು ಪುಸ್ತಕವನ್ನು ಅವನಿಗೆ ಕೊಟ್ಟಿದ್ದರು. ಅದು ಅವರ ಮನೆಯಲ್ಲಿ ಗ್ಯಾಸಿನ ಒಲೆಯ ಕೆಳಗೆ, ಅಲುಗಾಡದಂತೆ, ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇಂಥ ಪುಸ್ತಕಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವುಗಳ ಮೊದಲ ಪುಟದಲ್ಲೇ ಒಂದು ಆಪಾದನೆ ಇರುತ್ತದೆ: ನೀನು ಮನಸ್ಸು ಮಾಡಲಿಲ್ಲ, ಅದಕ್ಕೇ ಹೀಗಾದೆ. ಆಗಲೇ ಒಂದು ಆಪಾದನೆ ಹೊತ್ತವನ ತಲೆಯ ಮೇಲೆ ಎರಡನೆಯದನ್ನು ಹೊರಿಸಿದರೆ ಅವನು ಪುಸ್ತಕ ತೆರೆಯುವನೇ?

ಇನ್ನೊಂದು ತೊಡಕು ನಮ್ಮ ಮುಂಬಯಿಯವರಿಗೆಲ್ಲ ಗೊತ್ತಿರುವುದೇ. ಹುಡುಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ ಒಂಬತ್ತರವರೆಗೆ ಓದಿದವನು. ತಾಯಿಗೆ ಯಾವ ಅಕ್ಷರವೂ ಬರುವುದಿಲ್ಲ. ಆದ್ದರಿಂದ ಕನ್ನಡದ ಪುಸ್ತಕವಾದರೆ ನಾನೇ ಓದಬೇಕು, ಮರಾಠಿಯದಾದರೆ ಅವನು ಓದಬೇಕು ಎಂದು ಒಪ್ಪಂದವಾಯಿತು. ಓದುವ ಜಾಗ ಅವರ ಮನೆಯೇ. ನಮ್ಮ ಮನೆಗೆ ಬರಲು ಅವನು ಒಪ್ಪಲಿಲ್ಲ. ನಡುವೆ ಓಣಿ ದಾಟಿ ಬರಬೇಕಾಗುತ್ತಿತ್ತು.

ನಾನು ಮೊದಲು ಒಯ್ದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರ ಕಾದಂಬರಿ. ಯಾಕೆ ಅದನ್ನೇ ಎಂದರೆ, ಅದರಲ್ಲಿ ಮಂದಣ್ಣನಿದ್ದಾನೆ. ಮಲೆನಾಡಿನ ಊರವರ ಕಣ್ಣಿಗೆ ಮಂದಣ್ಣ ಒಬ್ಬ ಉಂಡಾಡಿ. ಅವನ ಆಸೆಯಾದರೂ ಏನು? ಒಂದು ಪ್ಯೂನ್ ಕೆಲಸ ಸಿಗಬೇಕು, ಮದುವೆಯಾಗಬೇಕು. ಪ್ಯೂನ್ ಕೆಲಸಕ್ಕೆ ಬರುವ ಅರ್ಜಿಗಳನ್ನು ನೋಡುತ್ತಲೇ ಕೂದಲು ನರೆಸಿಕೊಂಡ ನನಗೆ ಆ ಭಾಗ ಓದುವಾಗ ನಗೆ ತಡೆಯುವುದಿಲ್ಲ. ಆದರೆ ವಿಜ್ಞಾನಿ ಕರ್ವಾಲೋ ಈ ಉಂಡಾಡಿಯಲ್ಲಿ ಬೇರೆಯವರು ಕಾಣದ್ದನ್ನು ಕಂಡಿದ್ದಾರೆ. ಕಾಡನ್ನು, ಹುಳುಹುಪ್ಪಟೆಯನ್ನು, ಜೇನನ್ನು ಮಂದಣ್ಣನಂತೆ ನೋಡಬಲ್ಲ ಕಣ್ಣು ಡಿಗ್ರಿ ಪಡೆದವರಿಗೂ ಇಲ್ಲ ಎಂಬುದು ಅವರಿಗೆ ಗೊತ್ತು. ಕೋಟ್ಯಂತರ ವರ್ಷಗಳಿಂದ ಉಳಿದುಬಂದ ಹಾರುವ ಓತಿಯನ್ನು ಹುಡುಕಿ ಹೊರಡುವ ಆ ದೊಡ್ಡ ಸಾಹಸಕ್ಕೆ ಮಂದಣ್ಣ ಬೇಕೇ ಬೇಕು. ಕಳ್ಳಭಟ್ಟಿಯ ರಗಳೆಯಲ್ಲಿ ಮಂದಣ್ಣ ಪೊಲೀಸರ ಕೈಗೆ ಸಿಕ್ಕಿಕೊಂಡಾಗಲೂ ಕರ್ವಾಲೋ ಅವನನ್ನು ಕೈಬಿಡುವುದಿಲ್ಲ.

ಮೊದಲ ಎರಡು ಭಾನುವಾರ ಹುಡುಗ ಗೋಡೆಯನ್ನೇ ನೋಡುತ್ತ ಕುಳಿತಿದ್ದ. ಕೇಳುತ್ತಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದಿಗೆ ನನ್ನ ಗಂಟಲು ಏರಿಸಬೇಕಾಗುತ್ತಿತ್ತು. ಮೂರನೆಯ ಭಾನುವಾರ ಮಂದಣ್ಣ ಸಿಕ್ಕಿಬಿದ್ದ ಭಾಗ ಬಂತು. ಹುಡುಗ ಥಟ್ಟನೆ ತಿರುಗಿ ಕೇಳಿದ: “ಅಷ್ಟ ದೊಡ್ಡ ಸಾಹೇಬ್ರು, ಅವನ್ನ ಯಾಕ ಬಿಟ್ಟುಕೊಡಲಿಲ್ಲ ಕಾಕಾ?”

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. “ಅವನ ಹಂಗ ಓತಿ ನೋಡೋರು ಇನ್ನೊಬ್ರು ಇರಲಿಲ್ಲಲ್ಲೋ” ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹುಡುಗ ತಾನಾಗಿಯೇ ಹೇಳಿದ: “ಅಲ್ಲಿ ಗ್ವಾಡಿ ಮ್ಯಾಲ ಒಂದು ಹಲ್ಲಿ ಇತ್ತು. ಅದಕ್ಕ ಬಾಲ ಇರಲಿಲ್ಲ. ನಾ ಹೊರಗ ಬರೋ ಹೊತ್ತಿಗೆ ಅರ್ಧಾ ಬಂದಿತ್ತು.”

ಆ ಐದು ವಾರಗಳ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ರೊಟ್ಟಿಯ ಸದ್ದು ನಿಂತಿತ್ತು. ನಾನು ಪುಸ್ತಕ ಮುಚ್ಚಿ, ಇಪ್ಪತ್ತು ವರ್ಷ ಉಪಯೋಗಕ್ಕೆ ಬಾರದಿದ್ದ ನನ್ನ ಪ್ರಾಣಿಶಾಸ್ತ್ರವನ್ನು ಹೊರತೆಗೆದೆ. ಹಲ್ಲಿ ಅಪಾಯ ಕಂಡಾಗ ತನ್ನ ಬಾಲವನ್ನು ತಾನೇ ಕಳಚಿಬಿಡುತ್ತದೆ. ಬಿದ್ದ ಬಾಲ ಮಿಡುಕುತ್ತಿರುವಾಗ ಶತ್ರು ಅದನ್ನೇ ನೋಡುತ್ತ ನಿಲ್ಲುತ್ತದೆ. ಮತ್ತೆ ಬರುವ ಬಾಲದಲ್ಲಿ ಮೊದಲಿನಂತೆ ಎಲುಬಿನ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ ಎಂದೆಲ್ಲ ಹೇಳಿದೆ. ಅದರಿಂದ ಯಾವ ನೀತಿಯನ್ನೂ ತೆಗೆಯಲಿಲ್ಲ. ಹುಡುಗನೂ ಕೇಳಲಿಲ್ಲ. ದಿನಕ್ಕೆ ಎಷ್ಟು ಬೆಳೆಯುತ್ತದೆ ಎಂದು ಕೇಳಿದ, ಅಷ್ಟೇ. ಅದನ್ನು ಹುಡುಕಿ ಹೇಳುತ್ತೇನೆ ಎಂದು ಬಂದೆ.

‘ಕರ್ವಾಲೊ’ ಮುಗಿಯಲು ಎರಡು ತಿಂಗಳು ಹಿಡಿಯಿತು. ಮುಂದೆ ದೇವನೂರ ಮಹಾದೇವರ ‘ಒಡಲಾಳ’. ಈ ಸಲ ಕೇಳುವವರು ಇಬ್ಬರಾದರು. ತಾಯಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ಕುಳಿತಳು. ನಂಜನಗೂಡು ಕಡೆಯ ಆ ಮಾತನ್ನು ನಾನು ಧಾರವಾಡದವನು ಓದಿ, ಅದನ್ನು ವಿಜಾಪುರದ ಮಾತಿಗೆ ತಿರುಗಿಸಿ ಹೇಳುವುದೆಂದರೆ ಕನ್ನಡದಿಂದ ಕನ್ನಡಕ್ಕೇ ಭಾಷಾಂತರ. ಸಾಕವ್ವನ ಮನೆಗೆ ಸಾಹುಕಾರನ ಕಡಲೆಕಾಯಿ ಮೂಟೆ ಬರುತ್ತದೆ, ಕದ್ದದ್ದು. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ರಾತ್ರಿಯೆಲ್ಲ ಸುಲಿದು ತಿನ್ನುತ್ತಾರೆ. ಸಿಪ್ಪೆ ಒಲೆಗೆ ಹೋಗುತ್ತದೆ. ಪೊಲೀಸರು ಮನೆ ಜಪ್ತಿಗೆ ಬಂದರೆ ಪುರಾವೆ ಎಲ್ಲಿದೆ? ನಮ್ಮ ರೊಟ್ಟಿಯಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅಯ್ಯ ಶಿವನ, ಅಷ್ಟು ಶೇಂಗಾ ತಿಂದ್ರ ಮರುದಿನ ಹೊಟ್ಟಿ ಗತಿ ಏನ್ರಿ ಅಣ್ಣಾರ?” ಆ ಮನೆಯಲ್ಲಿ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

ಈ ವಿಷಯ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ತಿಳಿದು, ಅವರು ರೈಲಿನಲ್ಲಿ ನನ್ನನ್ನು ಹಿಡಿದರು. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೆ ನಿಂತುಕೊಂಡೇ ವಾದ. “ಕಳವಿನ ಕೇಸಿನಲ್ಲಿರುವ ಹುಡುಗನಿಗೆ ಕಳವು ಮಾಡಿ ದಕ್ಕಿಸಿಕೊಂಡವರ ಕತೆ ಓದುತ್ತೀರಂತೆ. ಇದು ಪ್ರೋತ್ಸಾಹ ಕೊಟ್ಟಂತಲ್ಲವೇ ರಾಯರೇ?” ಪ್ರಶ್ನೆ ಅಲಕ್ಷಿಸುವಂಥದ್ದಲ್ಲ. ಓದುಗರಲ್ಲಿಯೂ ಹಲವರಿಗೆ ಹಾಗೆ ಅನಿಸೀತು. ನನ್ನ ಉತ್ತರ ಇಷ್ಟು. ‘ಒಡಲಾಳ’ದಲ್ಲಿ ಕಳವಿನ ಹೊಗಳಿಕೆಯಿಲ್ಲ, ಹಸಿವಿನ ಚಿತ್ರವಿದೆ. ಹಸಿದವರ ಮನೆಯಲ್ಲೂ ಗೋಡೆಯ ಮೇಲೆ ನವಿಲು ಬರೆಯುವ ಹುಡುಗಿಯೊಬ್ಬಳು ಇರುತ್ತಾಳೆ ಎಂಬುದಿದೆ. ಅದನ್ನು ಕೇಳಿದ ನಮ್ಮ ಹುಡುಗನಿಗೆ ಕಳವು ಮಾಡುವ ಹುಮ್ಮಸ್ಸು ಬರಲಿಲ್ಲ. ಅವನು ಹೇಳಿದ್ದು ಇದು: “ಅವರು ಉಣ್ಣಾಕಂತ ಕದ್ರು ಕಾಕಾ. ನಾವು ತಿರುಗಾಡಾಕ ಹೋದ್ವಿ.” ಅದುವರೆಗೆ ವಕೀಲರ ಮುಂದೆ, ತಾಯಿಯ ಮುಂದೆ, ಯಾರ ಮುಂದೆಯೂ ಅವನು ‘ನಾವು’ ಎಂದಿರಲಿಲ್ಲ. ಯಶಸ್ಸಿನ ಮೆಟ್ಟಿಲುಗಳ ಯಾವ ಪುಸ್ತಕವೂ ಆ ಶಬ್ದವನ್ನು ಅವನ ಬಾಯಿಂದ ಹೊರಡಿಸುತ್ತಿರಲಿಲ್ಲ.

ಆಮೇಲೆ ನಿರಂಜನರ ‘ಚಿರಸ್ಮರಣೆ’. ಕಾಸರಗೋಡಿನ ಬಂಧುಗಳು ನಮ್ಮಲ್ಲಿ ಬಹಳ ಜನರಿದ್ದಾರೆ, ಅವರಿಗೆ ಈ ಕತೆ ಹೊಸತಲ್ಲ. ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಸುಬ್ಬರಾಯನ್ ಎಂಬ ಪೊಲೀಸನು ಹೊಳೆಯಲ್ಲಿ ಮುಳುಗಿ ಸತ್ತ. ಆ ಮೊಕದ್ದಮೆಯಲ್ಲಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಕೃಷ್ಣನ್ ನಾಯರ್ ಎಂಬ ಐದನೆಯವನು ಇನ್ನೂ ಪ್ರಾಯಕ್ಕೆ ಬಂದಿಲ್ಲವೆಂದು ಗಲ್ಲು ತಪ್ಪಿ ಸೆರೆವಾಸವಾಯಿತು. ನಿರಂಜನರು ಹತ್ತಿರದ ನೀಲೇಶ್ವರದಲ್ಲಿ ಶಾಲೆ ಕಲಿತವರು. ಕಾದಂಬರಿ ಅಚ್ಚಾದದ್ದು 1955ರಲ್ಲಿ. ಹಳ್ಳಿಯ ಇಬ್ಬರು ಹುಡುಗರು ಮಾಸ್ತರರೊಬ್ಬರಿಂದ ಅಕ್ಷರ ಕಲಿತು, ಲೋಕ ತಿಳಿದು, ಬೆಳೆಯುವ ಭಾಗ ನನಗೆ ಬಹಳ ಪ್ರಿಯವಾದದ್ದು. ಓದುವಾಗ ನನ್ನ ಧ್ವನಿ ಎರಡು ಸಲ ಕಟ್ಟಿತು.

ಹುಡುಗನೂ ಕೊನೆಯವರೆಗೆ ಉಸಿರು ಬಿಗಿಹಿಡಿದು ಕೇಳಿದ. ಐದನೆಯವನ ವಯಸ್ಸು ಎಷ್ಟಿತ್ತು ಎಂದು ಎರಡು ಸಲ ಕೇಳಿದ. ಆದರೆ ಮುಗಿದ ಮೇಲೆ ಅವನು ಆಡಿದ ಮಾತು ನನ್ನನ್ನು ಬಹಳ ದಿನ ಕಾಡಿತು. “ಅವರದು ಬ್ಯಾರೆ ಕಾಕಾ. ಅವರ ಹೆಸರು ಊರವರು ಇನ್ನಾ ತಗೋತಾರ. ನಾ ಏನು ದೇಶಕ್ಕಂತ ಒಳಗ ಹೋಗಿದ್ದೆನೇನು?”

ನಾವು ಸೆರೆಮನೆಯ ಸಾಹಿತ್ಯ ಎಂದು ಹೇಳುವಾಗ ಈ ಭೇದವನ್ನು ಮರೆಯುತ್ತೇವೆ. ನಮ್ಮ ಈ ಪ್ರಾಂತದ ಸೆರೆಮನೆಗಳಿಂದ ಎಂಥೆಂಥ ಪುಸ್ತಕಗಳು ಬಂದಿವೆ! 1882ರಲ್ಲಿ, ಇಪ್ಪತ್ತಾರರ ವಯಸ್ಸಿನ ತಿಲಕರು ಮತ್ತು ಆಗರಕರರು ಕೊಲ್ಹಾಪುರದ ದಿವಾನರ ಮಾನಹಾನಿಯ ಮೊಕದ್ದಮೆಯಲ್ಲಿ ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಆಗರಕರರು ಆ 101 ದಿನಗಳ ಮೇಲೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಡೋಂಗ್ರಿಯ ಆ ಹಳೆಯ ಜೈಲಿನ ಆವರಣದಲ್ಲೇ ಮುಂದೆ ಮಕ್ಕಳ ವೀಕ್ಷಣಾಲಯ ಬಂತು. ತಿಲಕರ ‘ಗೀತಾರಹಸ್ಯ’ ಮಂಡಾಲೆಯ ಸೆರೆಯಲ್ಲಿ, ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಅಹಮದನಗರದ ಕೋಟೆಯಲ್ಲಿ 1944ರಲ್ಲಿ, ಸಾನೆ ಗುರೂಜಿಯವರ ‘ಶ್ಯಾಮ್‌ಚಿ ಆಯಿ’ ನಾಸಿಕದ ಜೈಲಿನಲ್ಲಿ 1933ರ ಫೆಬ್ರವರಿಯ ಕೆಲವೇ ದಿನಗಳಲ್ಲಿ. ನಮ್ಮ ಬೇಂದ್ರೆಯವರೂ ‘ನರಬಲಿ’ ಕವಿತೆಗಾಗಿ ಹಿಂಡಲಗಿ ಜೈಲು ಕಂಡವರೇ. ಇವೆಲ್ಲ ದೊಡ್ಡವರ ಸೆರೆವಾಸ. ಹೊರಬರುವಾಗ ಬಾಗಿಲಲ್ಲಿ ಹೂವಿನ ಹಾರ ಹಿಡಿದು ಜನ ನಿಂತಿರುತ್ತಿದ್ದರು. ನಮ್ಮ ಹುಡುಗ ಹೊರಬಂದಾಗ ತಾಯಿಯೊಬ್ಬಳೇ ನಿಂತಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅವಮಾನದಿಂದ ಒಳಗೆ ಹೋದವನಿಗೆ ಅಭಿಮಾನದಿಂದ ಒಳಗೆ ಹೋದವರ ಪುಸ್ತಕ ಕೊಟ್ಟರೆ, ಅದು ಅವನನ್ನು ಇನ್ನಷ್ಟು ಸಣ್ಣವನನ್ನಾಗಿ ಮಾಡುವ ಸಂಭವವಿದೆ. ದೊಡ್ಡವರ ಪುಸ್ತಕ ಬೇಡವೆಂದಲ್ಲ, ಆದರೆ ಮೊದಲ ಪುಸ್ತಕ ಅದಲ್ಲ.

‘ಶ್ಯಾಮ್‌ಚಿ ಆಯಿ’ಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಮರಾಠಿ ಶಾಲೆಯಲ್ಲಿ ಕಲಿತ ಮಕ್ಕಳಿಗೆಲ್ಲ ಅದು ಪರಿಚಿತ. ಆಚಾರ್ಯ ಅತ್ರೆಯವರ ಸಿನಿಮಾ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದದ್ದು ಹಿರಿಯರಿಗೆ ನೆನಪಿರಬಹುದು. ಪುಸ್ತಕ ಚಿನ್ನದಂಥದ್ದೇ. ಆದರೂ ತಾಯಿಯ ಕಣ್ಣೀರಿಗೆ ಕಾರಣನಾದೆನೆಂದು ರಾತ್ರಿ ನಿದ್ದೆಗೆಟ್ಟವನಿಗೆ ಅಂಥ ತಾಯಿಯ ಕತೆಯನ್ನು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಎರಡು ವರ್ಷ ಬಿಟ್ಟು ಕೊಡುತ್ತೇನೆ.

ಅವನಿಗೆ ನಾನು ಕೊಟ್ಟ ಮರಾಠಿ ಪುಸ್ತಕ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’. 1987ರಲ್ಲಿ ಬಂದ ಆತ್ಮಕಥೆ, ಮರು ವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹುಟ್ಟುವಾಗಲೇ ಕಳ್ಳರೆಂಬ ಮುದ್ರೆ ಒತ್ತಿಸಿಕೊಂಡ ಜನಾಂಗದ ಹುಡುಗನೊಬ್ಬ ಶಾಲೆಗೆ ಹೋದ ಕತೆ ಅದು. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂಥ ಎಷ್ಟೋ ಜನಾಂಗಗಳಿಗೆ ಒಟ್ಟಾಗಿ ಆ ಹಣೆಪಟ್ಟಿ ಹಚ್ಚಿತು. 1952ರಲ್ಲಿ ಕಾಯಿದೆ ರದ್ದಾಯಿತು, ಹಣೆಪಟ್ಟಿ ಅಷ್ಟು ಬೇಗ ಹೋಗಲಿಲ್ಲ. ಸೊಲ್ಲಾಪುರ, ಹುಬ್ಬಳ್ಳಿಗಳ ಕಡೆಯವರಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಗೊತ್ತು. ತಂತಿಬೇಲಿಯೊಳಗೆ ಈ ಜನರನ್ನು ಕೂಡಿಹಾಕಿ ಹಾಜರಿ ಕರೆಯುತ್ತಿದ್ದ ಜಾಗಗಳ ಹೆಸರು ಅದು. ಹುಡುಗ ಈ ಪುಸ್ತಕವನ್ನು ನನ್ನ ಸಹಾಯವಿಲ್ಲದೆ ಒಂಬತ್ತು ದಿನಗಳಲ್ಲಿ ಓದಿದ. ನಾಲ್ಕು ಕಡೆ ಪುಟದ ಮೂಲೆ ಮಡಿಸಿದ್ದ. ಗ್ರಂಥಾಲಯದ ಪುಸ್ತಕ ಹೀಗೆ ಮಡಿಸಬಾರದು ಎಂದು ಹೇಳಬೇಕಾದವನು ನಾನು, ಆದರೆ ಹೇಳಲಿಲ್ಲ.

ಆಗ ಅವನಿಗೆ ಅಮೆರಿಕದ ಮಾಲ್ಕಮ್ ಎಕ್ಸ್ ಅವರ ಸಂಗತಿ ಹೇಳಿದೆ. ಅವರು 1946ರಲ್ಲಿ ಜೈಲಿಗೆ ಹೋದದ್ದು ದೇಶಸೇವೆಗಾಗಿ ಅಲ್ಲ, ಮನೆಗಳ್ಳತನಕ್ಕಾಗಿ. ಒಳಗೆ ಕುಳಿತು ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ಕೈಯಾರೆ ನಕಲು ಮಾಡುತ್ತ ಓದು ಕಲಿತರು. ಹುಡುಗನಿಗೆ ಈ ನಕಲು ಮಾಡುವ ಉಪಾಯ ಹಿಡಿಸಿತು. ಇನ್ನೊಂದು ಸಂಗತಿ ಅವನನ್ನು ನಗಿಸಿತು. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಸನ್ನಿ ವೆಂಕಟರತ್ನಂ ಎಂಬ ಭಾರತೀಯ ಮೂಲದ ಕೈದಿ, ಶೇಕ್ಸ್‌ಪಿಯರನ ಸಮಗ್ರ ಕೃತಿಗಳಿಗೆ ದೀಪಾವಳಿಯ ಶುಭಾಶಯ ಪತ್ರಗಳ ದೇವರ ಚಿತ್ರಗಳನ್ನು ಅಂಟಿಸಿ, ಇದು ನನ್ನ ಧರ್ಮಗ್ರಂಥ ಎಂದು ಕಾವಲುಗಾರರನ್ನು ನಂಬಿಸಿದರು. ಆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಕೈದಿಗಳು ತಮಗೆ ಪ್ರಿಯವಾದ ಸಾಲುಗಳ ಪಕ್ಕ ರುಜು ಹಾಕಿದರು. ನೆಲ್ಸನ್ ಮಂಡೇಲಾ 1977ರ ಡಿಸೆಂಬರಿನಲ್ಲಿ ರುಜು ಹಾಕಿದ್ದು ‘ಜೂಲಿಯಸ್ ಸೀಸರ್’ ನಾಟಕದಲ್ಲಿ.

ಇನ್ನು ಉಳಿದವನ್ನು ಬೇಗ ಹೇಳುತ್ತೇನೆ. ಸಿದ್ಧಲಿಂಗಯ್ಯನವರ ‘ಊರುಕೇರಿ’. ಎತ್ತುಗಳ ಜಾಗದಲ್ಲಿ ಮನುಷ್ಯರ ಹೆಗಲಿಗೆ ನೊಗ, ಆ ಇಬ್ಬರಲ್ಲಿ ಒಬ್ಬರು ತಂದೆ. ಇಷ್ಟನ್ನು ಕಂಡ ಹುಡುಗ ಬೆಳೆದು ಬರೆದ ಪುಸ್ತಕದಲ್ಲಿ ಪುಟಪುಟಕ್ಕೂ ನಗು. ಭೈರಪ್ಪನವರ ‘ಭಿತ್ತಿ’. ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡು, ಪರರ ಮನೆಯ ಅನ್ನದಲ್ಲಿ ಓದಿದ ಹುಡುಗ ನಡುವೆ ಓಡಿಬಂದು ನಮ್ಮ ಇದೇ ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿ ಮಾಡಿದ್ದ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ದಯಾ ಪವಾರರ ‘ಬಲುತಂ’, 1978, ಇದೇ ನಗರದ ಕಾವಾಖಾನಾ ಓಣಿಯ ಬಾಲ್ಯ. ಹೆಣ್ಣುಮಕ್ಕಳಿಗೆ ಯಾವುದು ಎಂದು ನನ್ನ ಮಡದಿ ಕೇಳಿದಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂದೆ, ಆದರೆ ನೊಂದ ಹುಡುಗಿಯ ಕೈಗೆ ಅದನ್ನು ಒಂಟಿಯಾಗಿ ಕೊಡಬೇಡ, ಜೊತೆಗೆ ಕೂತು ಓದು ಎಂದೂ ಹೇಳಿದೆ. ಆ ಕತೆಯ ಕೊನೆ ನದಿಯ ಆಳದಷ್ಟೇ ಕಪ್ಪು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಹದಿಹರೆಯದವರಿಗೆ ಕೊಡುವುದಿಲ್ಲ, ಅದು ಮೆಮೊ ಸಿಕ್ಕಿದ ನಮ್ಮಂಥ ನೌಕರರಿಗೆ. ಹಿರಿಯರು ತಮಗಾಗಿ ಓದಬೇಕಾದದ್ದು ಸ್ನೇಹಲತಾ ರೆಡ್ಡಿಯವರ ಸೆರೆಮನೆಯ ದಿನಚರಿ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ಆ ಕಲಾವಿದೆ ಜೈಲಿನ ಇತರ ಹೆಂಗಸರ ಪಾಡನ್ನೂ ಬರೆದಿಟ್ಟಿದ್ದಾರೆ.

ಹಿಂದೆ ಈ ಕೆಲಸಕ್ಕೆ ಒಂದು ವ್ಯವಸ್ಥೆ ಇತ್ತು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದ ಹುಡುಗರು ರಾತ್ರಿ ನಮ್ಮವರ ಕನ್ನಡ ರಾತ್ರಿಶಾಲೆಗಳಲ್ಲಿ ಬೆಂಚಿನ ಮೇಲೆ ತೂಕಡಿಸುತ್ತ ಓದಿದರು. ಅವರಲ್ಲಿ ವಕೀಲರಾದವರು, ಹೋಟೆಲು ಮಾಲೀಕರಾದವರು, ಕವಿಗಳಾದವರು ಇದ್ದಾರೆ. ತೂಕಡಿಸಿದ ಹುಡುಗನನ್ನು ಎಬ್ಬಿಸಿ ಕತೆ ಓದಿ ಹೇಳುವ ಮಾಸ್ತರರಿದ್ದರು. ಅಂಥ ಶಾಲೆಗಳು ಅನೇಕ ಮುಚ್ಚಿಹೋದವು. ಹೋಟೆಲಿನ ಹುಡುಗರೂ ಈಗ ಬೇರೆ ಪ್ರಾಂತಗಳಿಂದ ಬರುತ್ತಾರೆ. ಆದರೆ ವಿಜಾಪುರ, ಕಲಬುರ್ಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ಸುತ್ತಲೇ ಇದ್ದಾರೆ. ನಾವು ರಾಜ್ಯೋತ್ಸವದಲ್ಲಿ ಡೊಳ್ಳು ಬಾರಿಸಲು ಅವರನ್ನು ಕರೆಯುತ್ತೇವೆ. ವಾಚನಾಲಯಕ್ಕೆ ಕರೆದದ್ದು ನಾನು ಕಂಡಿಲ್ಲ. ನಮ್ಮ ವಾಚನಾಲಯದ ಪುಸ್ತಕಗಳಾದರೂ ಏನು ಸುಖವಾಗಿವೆ? ಗಾಜಿನ ಬಾಗಿಲು, ಹಿತ್ತಾಳೆಯ ಬೀಗ, ಬೀಗದ ಕೈ ಅಂಬರನಾಥದಲ್ಲಿರುವ ಸದಸ್ಯರ ಜೇಬಿನಲ್ಲಿ. ‘ಕರ್ವಾಲೊ’ ಹೊರತರಲು ನಾನು ಮೂರು ಶನಿವಾರ ಅಲೆದೆ. ಅದನ್ನು ಬಿಡಿಸಿಕೊಳ್ಳಲು ಜಾಮೀನೊಂದು ಬೇಕಾಗಲಿಲ್ಲ, ಅಷ್ಟೇ.

ಹುಡುಗನಿಗೆ ಈಗ ಹದಿನೇಳು ನಡೆಯುತ್ತಿದೆ. ಒಂದು ಕೊರಿಯರ್ ಗೋದಾಮಿನಲ್ಲಿ ಪೊಟ್ಟಣಗಳನ್ನು ಪಿನ್‌ಕೋಡಿನ ಪ್ರಕಾರ ಬೇರೆ ಮಾಡುತ್ತಾನೆ. ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕಟ್ಟುವ ಮಾತಾಡುತ್ತಾನೆ, ಕಟ್ಟುತ್ತಾನೋ ಇಲ್ಲವೋ ನೋಡಬೇಕು. ಮುಂದಿನ ತಾರೀಖು ಮುಂದಿನ ತಿಂಗಳಿಗೆ ಬಿದ್ದಿದೆ. ಮಾಲ್ಕಮ್ ಎಕ್ಸ್‌ರಂತೆ ನಕಲು ಮಾಡುತ್ತೇನೆಂದು ನನ್ನಿಂದ ಒಂದು ನೋಟ್‌ಬುಕ್ ಇಸಿದುಕೊಂಡು, ಕನ್ನಡ ಅಕ್ಷರಗಳನ್ನು ಬರೆಯತೊಡಗಿದ್ದಾನೆ. ‘ಳ’ ಬರೆಯುವುದು ಇನ್ನೂ ಸರಿಹೋಗಿಲ್ಲ.

ಕಪಾಟಿನ ಬೀಗದ ಕೈ ಕಳೆದ ಸಭೆಯಿಂದ ನನ್ನ ಬಳಿ ಇದೆ. ಶನಿವಾರ ಸಂಜೆ 6ರಿಂದ 8ರವರೆಗೆ ನಾನು ವಾಚನಾಲಯದಲ್ಲಿರುತ್ತೇನೆ. ಓದಲು ಬಾರದವರೂ ಬರಬಹುದು, ಓದಿ ಹೇಳಲು ಪುರುಸೊತ್ತಿದ್ದವರಂತೂ ಅವಶ್ಯ ಬರಬೇಕು. ‘ಉಚಲ್ಯಾ’ ಮಾತ್ರ ಸದ್ಯಕ್ಕೆ ಸಿಗುವುದಿಲ್ಲ. ಹುಡುಗ ಅದನ್ನು ತನ್ನೊಂದಿಗೆ ಸಿಕ್ಕಿಬಿದ್ದ ಇಬ್ಬರಲ್ಲಿ ಒಬ್ಬನಿಗೆ ಕೊಟ್ಟಿದ್ದಾನಂತೆ.